ಬಾಯಿ ಬಿಡದ ಬೀಗದವರಿಗೊಂದು ಬಹಿರಂಗ ಅಹವಾಲು

ನಮ್ಮ ಮನೆಯ ಹಳೆಯ ಕಾರಿನ ಚಾಲಕನ ಬಾಗಿಲಲ್ಲಿ ಇಷ್ಟು ಕಾಲ ವಿರಾಜಮಾನರಾಗಿದ್ದು, ಸದ್ಯ ನನ್ನ ಕ್ಲಿನಿಕ್ಕಿನ ಸ್ಟೀಲ್ ತಟ್ಟೆಯಲ್ಲಿ ವಿಶ್ರಾಂತಿ ಪಡೆಯುತ್ತಿರುವ ಬೀಗ ಮಹಾಶಯರ ಸನ್ನಿಧಿಗೆ, ಅವರನ್ನು ಆ ತಟ್ಟೆಗೆ ತಲುಪಿಸಿದ ಹಲ್ಲಿನ ಡಾಕ್ಟರು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಭಾವಿಸುವ ಧೈರ್ಯ ನನಗಿಲ್ಲ. ತಮ್ಮ ಬಾಯಲ್ಲಿ ಗುಲಾಬಿ ಬಣ್ಣದ ಹಿಟ್ಟು ಗಟ್ಟಿಯಾಗಿ ಕೂತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಅದನ್ನು ತುಂಬಿದವನು ನಾನೇ. ಆದರೂ ದೂರು ಕೊಡುತ್ತಿರುವವನೂ ನಾನೇ ಎಂದು ತಾವು ಬೇಸರಿಸಬಾರದು. ತಪ್ಪು ಮಾಡಿದವರೇ ಮೊದಲು ದನಿ ಏರಿಸುವುದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ, ಮತ್ತು ಆ ಪದ್ಧತಿಯನ್ನು ನಾನೊಬ್ಬನೇ ಕಷ್ಟಪಟ್ಟು ಉಳಿಸಿಕೊಂಡು ಬಂದಿದ್ದೇನೆ.

ತಮಗೆ ತಿಳಿದಂತೆ ಈ ಕಾರು ನಮ್ಮ ಮಾವನವರದು. ಅವರು ಹೋದ ಮೇಲೆ ಅತ್ತೆಯವರ ಜೊತೆಯಲ್ಲಿ ಅದೂ ನಮ್ಮ ಮನೆಗೆ ಬಂತು. ಬೀಗದ ಕೈ ಎರಡಿದ್ದವು. ಒಂದು ಕಳೆದರೂ ಇನ್ನೊಂದಿರಲಿ ಎಂದು ಮಾವನವರು ಅವನ್ನು ಬೇರೆ ಬೇರೆ ಕಡೆ ಇಡುತ್ತಿದ್ದರು. ಆ ಇನ್ನೊಂದು ಎಲ್ಲಾದರೂ ಕಳೆದುಹೋದೀತೆಂಬ ಮುಂದಾಲೋಚನೆಯಿಂದ ನಾನು ಎರಡನ್ನೂ ಒಂದೇ ಉಂಗುರಕ್ಕೆ ಪೋಣಿಸಿಟ್ಟೆ. ಹೀಗೆ ಒಗ್ಗಟ್ಟಾದ ಅವು ಒಗ್ಗಟ್ಟಾಗಿಯೇ ಕಳೆದುಹೋದವು. ನನ್ನ ಹೆಂಡತಿ ಮನೆಯನ್ನೆಲ್ಲ ಜಾಲಾಡಿದಳು, ನಾನು ಅವಳ ಹಿಂದೆ ಹಿಂದೆ ಓಡಾಡಿ ಸಲಹೆ ಕೊಟ್ಟೆ.

ಬೇರೆ ಯಾವ ವಾರದಲ್ಲಾದರೂ ಇದು ದೊಡ್ಡ ವಿಷಯವಾಗುತ್ತಿರಲಿಲ್ಲ. ಆದರೆ ಅದೇ ವಾರ ಅತ್ತೆಯವರ ತಂಗಿಗೆ ಎದೆನೋವು ಬಂದಿತ್ತು. ಆಸ್ಪತ್ರೆಯಿಂದ ಮನೆಗೆ ಮರಳಿ ಮಲಗಿದ್ದ ಅವರು ಅಕ್ಕನನ್ನು ನೋಡಬೇಕೆಂದು ಹೇಳಿ ಕಳಿಸಿದ್ದರು. ಈ ಅಕ್ಕ ತಂಗಿಯರ ನಡುವೆ ಮಾತು ನಿಂತು ಯಾವ ಕಾಲವಾಯಿತೋ. ಮಾವನವರು ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದ ದಿನ ಚಿಕ್ಕತ್ತೆ ಅದನ್ನು ನೋಡಿ, "ಇದು ಒಂದು ವರ್ಷ ಓಡಿದ್ರೆ ನನ್ನ ಕೇಳಿ" ಎಂದುಬಿಟ್ಟರಂತೆ. ಅತ್ತೆಯವರು ಅದನ್ನು ಎದೆಗೆ ಹಚ್ಚಿಕೊಂಡರು. ಕಾರು ಓಡಿತು, ಮಾತು ನಿಂತಿತು. ಈಗ ಕರೆ ಬಂದಾಗ ಅತ್ತೆಯವರು ಕಣ್ಣೊರೆಸಿಕೊಂಡು ಬ್ಯಾಗಿಗೆ ಬಟ್ಟೆ ತುಂಬಿದರೇನೋ ನಿಜ, ಆದರೆ ಷರತ್ತೊಂದನ್ನು ಬಿಡಲಿಲ್ಲ: "ಹೋದ್ರೆ ಆ ಕಾರಲ್ಲೇ ಹೋಗ್ತೀನಿ. ಅವಳ ಮನೆ ಬಾಗಿಲಲ್ಲಿ ಅದರಿಂದಾನೇ ಇಳೀತೀನಿ. ಅವಳು ಕಣ್ಣಾರೆ ನೋಡ್ಲಿ." ಟ್ಯಾಕ್ಸಿ ಎಂಬ ಶಬ್ದವನ್ನು ನಾನು ಒಮ್ಮೆ ಎತ್ತಿ ನೋಡಿದೆ. ಎರಡನೆಯ ಸಲ ಎತ್ತಲಿಲ್ಲ.

ಬೀಗ ರಿಪೇರಿಯವರು ಸೋಮವಾರ ಬೆಳಿಗ್ಗೆ ಬಂದು ಹೊಸ ಕೈ ಮಾಡಿಕೊಡುವುದಾಗಿ ಫೋನಿನಲ್ಲಿ ಒಪ್ಪಿದ್ದರು. ಅದಕ್ಕೂ ಮೊದಲು ಒಂದು ಭಾನುವಾರವಿತ್ತು. ನನ್ನಂಥವನ ಕೈಗೆ ಇಡೀ ಒಂದು ಭಾನುವಾರವನ್ನು ಕೊಡಬಾರದೆಂದು ಬಲ್ಲ ನನ್ನ ಹೆಂಡತಿ, "ರೀ, ನಾಳೆ ಅವರು ಬರ್ತಾರಲ್ಲ, ಅದರ ಪಾಡಿಗೆ ಅದನ್ನ ಬಿಟ್ಟುಬಿಡಿ" ಎಂದು ಬೇಡಿಕೊಂಡಳು. ಆದರೆ ಮಾನ್ಯರೇ, ದಿನವಿಡೀ ಜನರ ಬಾಯಿ ನೋಡುವವನಿಗೆ ತಮ್ಮ ಪುಟ್ಟ ಬಾಯಿ ಕಂಡಾಗ ಸುಮ್ಮನಿರಲಾಗುತ್ತದೆಯೇ? ಹಲ್ಲಿನ ಅಚ್ಚು ತೆಗೆಯುವ ಹಿಟ್ಟನ್ನು ತಮ್ಮೊಳಗೆ ತುಂಬಿ, ಗಟ್ಟಿಯಾದ ಮೇಲೆ ಹೊರಗೆಳೆದರೆ ಬೀಗದ ಕೈಯ ಅಚ್ಚು ತಾನಾಗಿ ಕೈಗೆ ಬರುತ್ತದೆಂದು ನನಗೆ ಹೊಳೆಯಿತು. ಈ ಉಪಾಯ ಈವರೆಗೆ ಯಾರಿಗೂ ಏಕೆ ಹೊಳೆಯಲಿಲ್ಲವೆಂದು ಹೆಮ್ಮೆಪಟ್ಟೆನೇ ಹೊರತು, ಹೊಳೆದವರು ಏಕೆ ಬಿಟ್ಟರೆಂದು ಯೋಚಿಸಲಿಲ್ಲ. ಕ್ಲಿನಿಕ್ಕಿಗೆ ಓಡಿ ಹಿಟ್ಟು ತಂದು ಕಲಸಿ, ಸಿರಿಂಜಿನಲ್ಲಿ ತುಂಬಿ, ತಮ್ಮ ಮುಂದೆ ಮೊಣಕಾಲೂರಿ, ಅಭ್ಯಾಸಬಲದಿಂದ "ಸ್ವಲ್ಪ ತಡ್ಕೊಳ್ಳಿ, ನೋವಾಗಲ್ಲ" ಎಂದೂ ಹೇಳಿದೆ. ಹಿಟ್ಟು ಉಳಿಯಿತು. ಕಲಸಿದ್ದನ್ನು ಎಸೆಯುವುದು ನಮ್ಮ ಕಸುಬಿನಲ್ಲಿ ದುಂದುಗಾರಿಕೆ ಎನಿಸಿಕೊಳ್ಳುವುದರಿಂದ ಆಚೆ ಬದಿಯ ಬಾಗಿಲಿನ ತಮ್ಮ ಸಹೋದರರಿಗೂ, ಹಿಂದಿನ ಡಿಕ್ಕಿಯ ಹಿರಿಯರಿಗೂ ಸಮನಾಗಿ ಹಂಚಿದೆ.

ಮುಂದಿನದು ತಮಗೇ ಗೊತ್ತು. ಎಳೆದಾಗ ನನ್ನ ಕೈಗೆ ಬಂದದ್ದು ಅವರೆಕಾಳಿನಷ್ಟು ರಬ್ಬರು. ಉಳಿದದ್ದು ತಮ್ಮ ಗಂಟಲಲ್ಲೇ ನಿಂತಿತು. ಸೋಮವಾರ ಬಂದ ರಿಪೇರಿಯವರು ಮೂರೂ ಬೀಗಗಳನ್ನು ಇಣುಕಿ ನೋಡಿ, ನನ್ನ ಮುಖ ನೋಡಿ, "ಇದನ್ನ ಯಾರು ಮಾಡಿದ್ದು ಸಾರ್?" ಎಂದು ಕೇಳಿದಾಗ, ಯಾರೋ ಕಿಡಿಗೇಡಿಗಳಿರಬೇಕೆಂದು ನಾನು ಹೇಳಿದೆ. ಅಷ್ಟರಮಟ್ಟಿಗೆ ನಾನು ಸುಳ್ಳು ಹೇಳಲಿಲ್ಲ. ಅವರು ಗಾಜಿನ ಸಂದಿಯಲ್ಲಿ ತೆಳ್ಳನೆಯ ಪಟ್ಟಿ ಇಳಿಸಿ ಬಾಗಿಲು ತೆರೆದು, ತಮ್ಮನ್ನೂ ತಮ್ಮ ಬಳಗವನ್ನೂ ಬಿಚ್ಚಿ ನನ್ನ ಕೈಗಿತ್ತು, ಗಾಡಿ ಚಾಲೂ ಮಾಡುವ ಕೈಯನ್ನೂ ಈ ಬೀಗಗಳ ಅಳತೆಯಿಲ್ಲದೆ ಮಾಡಲಾಗದೆಂದೂ, ಇಂಥ ಹಳೆಯ ಕಾರಿಗೆ ಹೊಂದುವ ಬೀಗಗಳ ಸೆಟ್ಟು ಯಾವ ಊರಿನ ಗುಜರಿಯಲ್ಲಿ ಸಿಗುತ್ತದೋ ಹುಡುಕಿಸುತ್ತೇನೆಂದು ಹೇಳಿ ಹೋದರು. ಬಾಗಿಲುಗಳಲ್ಲಿ ಗುಂಡನೆಯ ತೂತುಗಳು ಉಳಿದವು. ಬಾಗಿಲು ತಾನಾಗಿ ತೆರೆದುಕೊಳ್ಳದಿರಲೆಂದು ಬಟ್ಟೆ ಒಣಹಾಕುವ ಹಗ್ಗದಿಂದ ಕಟ್ಟಿದೆ.

ಈ ಸಂದರ್ಭದಲ್ಲಿ ತಮ್ಮ ಗುಣಗಾನ ಮಾಡದಿದ್ದರೆ ನಾನು ಕೃತಘ್ನನಾದೇನು. ಕಾರಿನ ಬಣ್ಣ ಹೋಯಿತು, ಸೀಟು ಹರಿಯಿತು, ಹಾರ್ನಿನ ಸ್ವರ ಕೀರಲಾಯಿತು, ತಾವು ಮಾತ್ರ ಪಟ್ಟು ಸಡಿಲಿಸಲಿಲ್ಲ. ಯಜಮಾನನೆಂಬ ದಾಕ್ಷಿಣ್ಯವನ್ನೂ ತೋರಿಸದೆ, ಯಜಮಾನನನ್ನೇ ಹೊರಗೆ ನಿಲ್ಲಿಸಿದ ತಮ್ಮ ಕರ್ತವ್ಯನಿಷ್ಠೆಯ ಕಾಲು ಭಾಗ ನನಗಿದ್ದರೆ ನಾನು ಆ ಭಾನುವಾರ ಪೇಪರು ಓದಿಕೊಂಡು ಮಲಗಿರುತ್ತಿದ್ದೆ.

ಆದರೆ ಇಲ್ಲಿಂದ ಮುಂದೆ ನನಗೆ ತಮಾಷೆ ಮಾಡಲು ನಾಲಿಗೆ ಹೊರಳುತ್ತಿಲ್ಲ. ಅತ್ತೆಯವರು ದಿನವೂ ಬೆಳಿಗ್ಗೆ ಸೀರೆ ಉಟ್ಟು, ಬ್ಯಾಗನ್ನು ಪಕ್ಕದಲ್ಲಿಟ್ಟುಕೊಂಡು ವರಾಂಡದಲ್ಲಿ ಕೂರುತ್ತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅತ್ತ ಚಿಕ್ಕತ್ತೆಯ ಮಗಳು ಫೋನು ಮಾಡಿ, "ಅಮ್ಮ ಬಾಗಿಲ ಕಡೇನೇ ನೋಡ್ತಿರ್ತಾರೆ, ಯಾವಾಗ ಬರ್ತೀರಿ ಭಾವ?" ಎಂದು ಕೇಳುತ್ತಿದ್ದಳು. ಒಂದು ಚಿಟಿಕೆ ಹಿಟ್ಟಿನಿಂದ ಅಕ್ಕ ತಂಗಿ ಮುಖ ನೋಡದೆಯೇ ಉಳಿದುಬಿಟ್ಟರೆ ಎಂದು ನನಗೆ ನಿಜವಾಗಿ ಭಯವಾಯಿತು. ರೋಗಿಗಳ ಬಾಯೊಳಗೆ ಕನ್ನಡಿ ಹಿಡಿದಾಗಲೂ ಅದೇ ಯೋಚನೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳಿದ್ದವು. ತಾವು ಒಂದೇ ಒಂದು ದಿನ ಬಾಯಿ ತೊಳೆದುಕೊಂಡು ಸ್ವಸ್ಥಾನಕ್ಕೆ ಮರಳಬೇಕು. ಅದಾಗದಿದ್ದರೆ, ತಾವು ಮೊದಲಿಂದಲೂ ಕೆಟ್ಟಿದ್ದಿರೆಂದು ಅತ್ತೆಯವರ ಎದುರು ಸಾಕ್ಷಿ ಹೇಳಬೇಕು. ಅದೂ ಆಗದಿದ್ದರೆ, ತಮ್ಮ ಪಟ್ಟುಹಿಡಿಯುವ ಗುಣದಲ್ಲಿ ಸ್ವಲ್ಪವನ್ನು ಚಿಕ್ಕತ್ತೆಯವರ ಹೃದಯಕ್ಕೆ ಸಾಲವಾಗಿ ಕೊಡಬೇಕು.

ಮೂರನೆಯದನ್ನು ತಾವು ಕೊಟ್ಟಿರೆಂದು ಕಾಣುತ್ತದೆ. ನಿನ್ನೆ ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಟ್ಯಾಕ್ಸಿ ನಿಂತು, ಮಗಳ ತೋಳು ಹಿಡಿದು ಚಿಕ್ಕತ್ತೆಯವರೇ ಇಳಿದರು. "ಅಕ್ಕನ ಜಂಬ ಇಳಿಯೋದನ್ನ ಕಾಯ್ತಾ ಕೂತ್ರೆ ಅಷ್ಟರೊಳಗೆ ನಾನೇ ಮೇಲಕ್ಕೆ ಹೊರಟ್ಹೋಗ್ತೀನಿ" ಎಂದು ಮಗಳಿಗೆ ಹೇಳಿ ಹೊರಟರಂತೆ. ಅತ್ತೆಯವರು ವರಾಂಡದಿಂದ ಎದ್ದು, ತಂಗಿಯ ಕೈ ಹಿಡಿದು ನೇರವಾಗಿ ಕಾರಿನ ಶೆಡ್ಡಿಗೆ ಕರೆದೊಯ್ದರು. ನಾನು ಹಗ್ಗ ಬಿಚ್ಚಿದೆ. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. "ನಾವು ಮಾತು ಬಿಟ್ಟಿದ್ರೂ ನನ್ನ ಹೆರಿಗೆಗೆ ಭಾವ ಇದೇ ಗಾಡೀಲಿ ಕರ್ಕೊಂಡ್ಹೋಗಿದ್ದಲ್ವೇನೇ" ಎಂದು ಚಿಕ್ಕತ್ತೆ ಹೇಳಿದ್ದು ಕೇಳಿಸಿತು. ಆಮೇಲೆ ಇಬ್ಬರೂ ಅತ್ತದ್ದು ಕೇಳಿಸಿತು. ಸಂಜೆಯವರೆಗೂ ಅವರು ಇಳಿಯಲಿಲ್ಲ. ಹೆಂಡತಿ ಟೀಯನ್ನು ಅಲ್ಲಿಗೇ ಕೊಟ್ಟಳು. ನಾನು ಶೆಡ್ಡಿನ ಹೊರಗೆ ಹಗ್ಗ ಹಿಡಿದು ನಿಂತಿದ್ದೆ, ಮತ್ತು ನನ್ನ ಕಣ್ಣೂ ಒದ್ದೆಯಾಗಿತ್ತೆಂದು ತಮ್ಮಲ್ಲಿ ಮುಚ್ಚಿಡುವುದಿಲ್ಲ.

ಇಂತು, ತಮ್ಮ ಬಾಯಿಗೆ ಕೈ ಹಾಕಿ ಕೆಟ್ಟ,
ತಮ್ಮ ವಿಶ್ವಾಸಿ,
ಹಲ್ಲಿನ ಡಾಕ್ಟರು

ಮರೆತ ಮಾತು: ಹೊರಡುವ ಮುನ್ನ ಚಿಕ್ಕತ್ತೆಯವರು ಕಾರನ್ನು ಒಂದು ಸುತ್ತು ಹಾಕಿ, ಬಾಗಿಲ ತೂತುಗಳನ್ನು ಮುಟ್ಟಿ ನೋಡಿ, ನಡೆದದ್ದನ್ನೆಲ್ಲ ನನ್ನ ಹೆಂಡತಿಯ ಬಾಯಿಂದ ಕೇಳಿ ತಿಳಿದು, "ಅಕ್ಕಾ, ಅವತ್ತು ನಾನು ಅಂದಿದ್ದು ತಪ್ಪು. ಗಾಡಿ ಗಟ್ಟಿಮುಟ್ಟಾಗೇ ಇದೆ. ನಿನ್ನ ಅಳಿಯನ್ನ ಒಂದ್ಸಲ ಯಾರಿಗಾದ್ರೂ ತೋರಿಸು" ಎಂದರು. ಮಾವನವರು ಕಾರು ಕೊಂಡಂದಿನಿಂದ ತಂಗಿಯ ಒಂದು ಮಾತನ್ನೂ ಒಪ್ಪದಿದ್ದ ಅತ್ತೆಯವರು, ಈ ಮಾತನ್ನು ಅಲ್ಲೇ ನಿಂತು, ತಲೆಯಾಡಿಸಿ ಒಪ್ಪಿಕೊಂಡರು.