ಹನ್ನೆರಡರೊಳಗೆ ಮಾರಬೇಕಾದ ಕಾರ್ಸೆಟ್

ತಿಮಿಂಗಿಲ ಮೀನಲ್ಲವೆಂಬ ವಿಷಯ ತ್ರೆವಾನ್ ಬಂದರಿನ ಪುರಸಭೆಗೆ ಇದುವರೆಗೆ ಲಿಖಿತವಾಗಿ ಬಂದಿಲ್ಲ. ಆದಕಾರಣ, ಹಿಂದೊಮ್ಮೆ ಹೊರಟ ಆಜ್ಞೆಯಂತೆ, ಸಮುದ್ರದಲ್ಲಿ ಈಜಿದ ಯಾವುದೇ ಪ್ರಾಣಿಯ ಯಾವುದೇ ಭಾಗವನ್ನು ಮೀನೆಂದೇ ಪರಿಗಣಿಸಲಾಯಿತು. ಹೆಂಗಸರ ಸೊಂಟ ಬಿಗಿಯುವ ಕಾರ್ಸೆಟ್ಟಿನೊಳಗೆ ತಿಮಿಂಗಿಲದ ಬಾಯಿಯ ಪಟ್ಟಿಗಳನ್ನು ಕೂರಿಸಿ ಹೊಲಿಯುತ್ತಾರೆ. ಹೀಗಾಗಿ, ಇಪ್ಪತ್ತು ವರ್ಷ ಅದೇ ಕಸುಬಿನಲ್ಲಿದ್ದ ವಿಧವೆ ಝೆಲೀ ಕೋರ್ದಿಯೇ ಬೆಳಗಾಗುವುದರೊಳಗೆ ಮೀನು ಮಾರುವವಳಾದಳು.

ಅವಳಿಗೆ ಮೀನುಕಟ್ಟೆಯ ಏಳನೇ ಕಲ್ಲುಹಾಸು ಮಂಜೂರಾಯಿತು. ಎಡಕ್ಕೆ ಬಂಗುಡೆ, ಬಲಕ್ಕೆ ಏಡಿ. ಒಂಬತ್ತನೇ ನಿಯಮದ ಪ್ರಕಾರ, ಮಧ್ಯಾಹ್ನ ಹನ್ನೆರಡಕ್ಕೆ ಉಳಿದ ಮೀನನ್ನು ಹಳಸಿದ್ದೆಂದು ತಿಳಿದು ಸಮುದ್ರಕ್ಕೆ ಎಸೆಯತಕ್ಕದ್ದು. ಮೀನು ಇಲಾಖೆಯ ಇನ್ಸ್‌ಪೆಕ್ಟರ್ ಬೊನಾಫು ದಿನವೂ ಬಂದು ಪ್ರತಿ ಕಾರ್ಸೆಟ್ಟನ್ನೂ ಮೂಸಿ ನೋಡಿ ರುಜು ಹಾಕುತ್ತಿದ್ದರು. ಮೊದಲ ವಾರವೇ ಆರು ಕಾರ್ಸೆಟ್ಟುಗಳು ಸಮುದ್ರ ಸೇರಿದವು. ಅವು ಸ್ವಸ್ಥಾನಕ್ಕೆ ಮರಳಿದವೆಂದು ಇಲಾಖೆಯ ವರದಿ ಹೇಳುತ್ತದೆ.

ಇಷ್ಟನ್ನೂ ಝೆಲೀ ಹಲ್ಲುಕಚ್ಚಿ ಸಹಿಸಿದಳು. ಆದರೆ ಶನಿವಾರ ಮೇಯರ್ ಮಗಳ ಮದುವೆ. ಆ ಹುಡುಗಿಯ ಕಾರ್ಸೆಟ್ಟಿಗಾಗಿ ಅವಳು ಒಂದೂವರೆ ತಿಂಗಳು ಕಣ್ಣು ಸವೆಸಿದ್ದಳು. ಅದನ್ನು ಮಂಚದಡಿ ಬಚ್ಚಿಟ್ಟು, ಮನೆಯಲ್ಲೇ ಕೆಲಸ ಮುಂದುವರಿಸಿದ್ದಳು. ಅದೂ ಸಮುದ್ರಪಾಲಾದರೆ ಇನ್ನು ಅವಳ ಹೊಸಿಲು ತುಳಿಯುವವರು ಯಾರು? ಅವಳಿಗೆ ಅನ್ನ ನೀರು ಸೇರುತ್ತಿರಲಿಲ್ಲ.

ಶುಕ್ರವಾರ ಸರಿಯಾಗಿ ಹನ್ನೆರಡಕ್ಕೆ ಬೊನಾಫು ಬುಟ್ಟಿ ಹಿಡಿದು ಅವಳ ಮನೆಗೇ ಬಂದರು.

"ಮದಾಂ, ಮನೇಲಿ ಮೀನು ಬಚ್ಚಿಟ್ಟಿದೀರಂತೆ. ತನ್ನಿ, ಬುಟ್ಟಿಗೆ ಹಾಕಿ."

"ಒಂದ್ಗಳಿಗೆ ತಡೀರಿ ಮೊಸ್ಯೂ, ಕೊನೇ ನಾಲ್ಕು ಪಟ್ಟಿ ಬೇಯ್ತಾ ಇದಾವೆ."

ಅವಳು ಸುಳ್ಳು ಹೇಳಿರಲಿಲ್ಲ. ಪಟ್ಟಿ ಬಾಗಬೇಕಾದರೆ ಬಿಸಿ ಹಬೆ ಹಿಡಿಯಲೇಬೇಕು. ಅವಳ ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಬೊನಾಫು ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಅವರ ಮುಖ ಬಾಡಿತು.

"ಬೇಯಿಸೇಬಿಟ್ರಾ? ಬೆಂದ್ಮೇಲೆ ಅದು ಮೀನಲ್ಲ ಮದಾಂ, ಊಟ. ನನ್ನ ಇಲಾಖೆಗೆ ಬರಲ್ಲ."

"ಹಾಗಾದ್ರೆ ಸಮುದ್ರಕ್ಕೆ ಎಸೆಯಲ್ವಾ?"

"ಊಟಾನ ಯಾರಾದ್ರೂ ಎಸೀತಾರಾ? ಪಾಪ ಸುತ್ಕೊಳ್ಳುತ್ತೆ. ಆದ್ರೆ ಇನ್ಮೇಲೆ ನಿಮ್ದು ಊಟದಂಗಡಿ. ಕಾರ್ಸೆಟ್ಟಿನ ಜೊತೆ ತಟ್ಟೆ, ಮುಚ್ಚಳ, ನಿಂಬೆಹೋಳು, ಒಂದು ತುಂಡು ಬ್ರೆಡ್ಡು ಕೊಡ್ಲೇಬೇಕು."

ಝೆಲೀಗೆ ಹೋದ ಜೀವ ಬಂದಂತಾಯಿತು. "ಬ್ರೆಡ್ಡಿಗೆ ಬೆಣ್ಣೆ?"

"ಅದು ನಿಮ್ಮಿಷ್ಟ. ಸರ್ಕಾರ ಅಷ್ಟೆಲ್ಲಾ ತಲೆ ಹಾಕಲ್ಲ."

ಸಂಜೆ ಕಾರ್ಸೆಟ್ಟು ಮುಚ್ಚಳ ಹಾಕಿದ ತಟ್ಟೆಯಲ್ಲಿ ಮೇಯರ್ ಮನೆಗೆ ಹೋಯಿತು. ಮಗಳು ಕಾರ್ಸೆಟ್ಟನ್ನು ತೊಟ್ಟಳು, ಅಪ್ಪ ಬ್ರೆಡ್ಡನ್ನು ತಿಂದರು. ಬೆಣ್ಣೆ ಇತ್ತು. ಮದುವೆ ಸಾಂಗವಾಗಿ ನೆರವೇರಿತು. ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ಝೆಲೀ ಮನಸಾರೆ ಅತ್ತಳು.

ಈಗ ಅವಳ ಅಂಗಡಿಯಲ್ಲಿ ಎಂಟು ಮೇಜುಗಳಿವೆ. ಮೊನ್ನೆ ಪ್ಯಾರಿಸಿನಿಂದ ಬಂದ ಹೆಂಗಸೊಬ್ಬಳು, ಕಾರ್ಸೆಟ್ಟಿಗೆ ನಿಂಬೆಹೋಳು ಯಾಕೆಂದು ಕೇಳಿಬಿಟ್ಟಳು. ಝೆಲೀಗೆ ರೇಗಿಹೋಯಿತು. ಪಕ್ಕದ ಮೇಜಿನಲ್ಲಿ ಹೆಂಡತಿಯ ಕಾರ್ಸೆಟ್ಟಿಗೆ ಕಾಯುತ್ತಿದ್ದ ಬೊನಾಫು ಮೆಲ್ಲಗೆ ಸಮಾಧಾನ ಹೇಳಿದರು:

"ಹೋಗ್ಲಿ ಬಿಡಿ ಮದಾಂ. ಪಾಪ, ಅವ್ರ ಕಡೆ ಹಸೀದನ್ನೇ ತೊಡ್ತಾರೆ."