ಮಾವನ ಕಾರು, ಮಂದಿಯ ಹೆಸರು

ಅಫಜಲಪುರದಲ್ಲಿ ಕಾರಿಗೆ ಬಿಸಿ ರೊಟ್ಟಿಯ ಶಾಖ ಕೊಟ್ಟವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ. ಅವರ ತಲೆ ಸರಿ ಇತ್ತೇ ಎಂದು ಕೇಳಬೇಡಿ. ಸರಿಯಾಗಿಯೇ ಇತ್ತು, ಒಂದು ವಿಷಯ ಒಳಗೆ ಹೊಕ್ಕಿತೆಂದರೆ ಹೊರಗೆ ಬರುವ ದಾರಿ ಮಾತ್ರ ಅದರಲ್ಲಿ ಇರಲಿಲ್ಲ.

ಎಂಬತ್ತರ ದಶಕದ ಮಾತು. ಮಾವ ಜೇವರ್ಗಿಯ ತೊಗರಿ ವ್ಯಾಪಾರಿಯೊಬ್ಬರಿಂದ ಹಳೆಯ ನೀಲಿ ಅಂಬಾಸಡರ್ ಕೊಂಡು ತಂದರು. ಆ ವ್ಯಾಪಾರಿಗೆ ಕಾರಿಗಿಂತ ಅದರ ಮೇಲೆ ಅಂಟಿಸುವ ಸಾಮಾನಿನ ಮೇಲೇ ಪ್ರೀತಿ ಹೆಚ್ಚು. ಬಾನೆಟ್ಟಿನ ಮೇಲೆ ರೆಕ್ಕೆ ಬಿಚ್ಚಿದ ಪ್ಲಾಸ್ಟಿಕ್ ಹದ್ದು, ಬಾಗಿಲುಗಳ ಉದ್ದಕ್ಕೂ ಬೆಳ್ಳಿ ಬಣ್ಣದ ಪಟ್ಟಿ, ಹಿಂದೆ ಡಿಕ್ಕಿಯ ಮೇಲೆ ಗೇಣುದ್ದದ ಥಳಥಳಿಸುವ ಅಕ್ಷರಗಳಲ್ಲಿ ಅವರ ತಾಯಿಯ ಹೆಸರು: ವಿಮಲಾ. ಮದುವೆ ಗಂಡಿಗೂ ಇಷ್ಟು ಸಿಂಗಾರ ಮಾಡುವುದಿಲ್ಲ!

ಅತ್ತೆ ಕಾರಿಗೆ ಆರತಿ ಬೆಳಗಿದರು, ವಿಭೂತಿ ಹಚ್ಚಿದರು, ಸುತ್ತು ಹಾಕುತ್ತ ಹಿಂದೆ ಹೋದವರು ಅಲ್ಲೇ ನಿಂತುಬಿಟ್ಟರು.

"ಈಕಿ ಯಾರ್ರಿ?"

"ಅವರ ತಾಯಿ ಅದಾರ. ಹಣ್ಣಾದ ಮುದುಕಿ."

"ಹಣ್ಣರ ಇರ್ಲಿ, ಕಾಯರ ಇರ್ಲಿ. ಮತ್ತೊಬ್ಬಾಕಿ ಹೆಸರಿನ ಗಾಡಿ ನಾ ಹತ್ತಂಗಿಲ್ಲ."

ಮಾವನ ಮುಖ ಬಾಡಿತು. ಏಕೆಂದರೆ ಆ ಕಾರು ಕೊಂಡದ್ದೇ ಅತ್ತೆಗಾಗಿ. ಮಾದನಹಿಪ್ಪರಗಾದ ತವರಿಗೆ ಹೋಗುವಾಗೆಲ್ಲ ಅತ್ತೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಅಣ್ಣನ ಅಂಗಳ ಮುಟ್ಟುವಷ್ಟರಲ್ಲಿ ಅರ್ಧ ಜೀವವಾಗಿರುತ್ತಿದ್ದರು. ಒಮ್ಮೆಯಾದರೂ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನಗುಮುಖದಿಂದ ಇಳಿಸಬೇಕೆಂಬುದು ಮಾವನ ಆಸೆ.

ಅಕ್ಷರ ಕಿತ್ತೆಸೆದರೆ ಮುಗಿಯಿತಲ್ಲ ಎನ್ನುತ್ತೀರಾ? ಗ್ಯಾರೇಜಿನವನೂ ಹಾಗೇ ಹೇಳಿ ಸ್ಕ್ರೂಡ್ರೈವರ್ ಎತ್ತಿದ್ದ. ಮಾವ ಅವನ ಕೈ ಹಿಡಿದರು.

"ತಮ್ಮಾ, ಬಣ್ಣಕ್ಕ ಒಂದು ಗೀರು ಬಿತ್ತಂದ್ರ ನಿನ್ನ ಗ್ಯಾರೇಜ ಮುಂದ ಉಪಾಸ ಕೂಡ್ತೇನಿ."

"ಹಂಗಾರ ನೀವs ತಗೀರಿ," ಎಂದು ಅವನು ಹೊರಟುಹೋದ.

ನಾನು ಆಗ ಆಳಂದದಲ್ಲಿ ಶಿಕ್ಷಕಿ. ರಜೆಗೆ ಮಾವನ ಮನೆಗೆ ಬಂದಾಗ ಕಂಡ ದೃಶ್ಯ ಕೇಳಿ: ಅತ್ತೆ ತವರಿಗೆ ಹೊರಟಿದ್ದಾರೆ, ನನ್ನ ಜೊತೆ ಬಸ್ಸಿನಲ್ಲಿ. ಬಸ್ಸಿನ ಬೆನ್ನಿಗೇ ಮಾವ, ಖಾಲಿ ಕಾರಿನಲ್ಲಿ! ದಾರಿಯುದ್ದಕ್ಕೂ ಬಸ್ಸಿನ ಧೂಳು ಕುಡಿದು ಮಾದನಹಿಪ್ಪರಗಾ ಮುಟ್ಟಿದಾಗ ಅವರ ಮೀಸೆ ಬೆಳ್ಳಗಾಗಿತ್ತು. ಅತ್ತೆ ಬಸ್ಸಿನಿಂದ ಇಳಿದು ಒಂದು ಮೂಲೆಯಲ್ಲಿ ವಾಂತಿ, ಮಾವ ಕಾರಿನಿಂದ ಇಳಿದು ಇನ್ನೊಂದು ಮೂಲೆಯಲ್ಲಿ ಕೆಮ್ಮು.

ಮಾವನಿಗೆ ಉಪಾಯ ಹೊಳೆದದ್ದು ಊರಿಗೆ ಮರಳಿದ ಮೇಲೆ, ಊಟದ ಹೊತ್ತಿನಲ್ಲಿ. ಸಂತೆಯಿಂದ ತಂದ ಹೊಸ ಸ್ಟೀಲ್ ತಾಟಿಗೆ ಅಂಗಡಿಯ ಚೀಟಿ ಅಂಟಿಕೊಂಡೇ ಇತ್ತು. ಅತ್ತೆ ಹೆಂಚಿನಿಂದ ತೆಗೆದ ಜೋಳದ ರೊಟ್ಟಿಯನ್ನು ಅದರ ಮೇಲೆ ಹಾಕಿದರು. ಸ್ವಲ್ಪ ಹೊತ್ತಿಗೆ ಮಾವ ರೊಟ್ಟಿ ಎತ್ತಿದರೆ ಚೀಟಿಯೂ ಜೊತೆಗೇ ಎದ್ದು ಬಂತು. ಮಾವ ಚೀಟಿ ನೋಡಿದರು, ತಾಟು ನೋಡಿದರು, ಪಲ್ಯ ಮರೆತು ಎದ್ದರು.

ಅಂದಿನಿಂದ ವಿಧಿವಿಧಾನ ಶುರು. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಹದ್ದಿನ ಬುಡಕ್ಕೆ ಶಾಖ. ಗೋಂದು ಮೆತ್ತಗಾದ ಮೇಲೆ ಕೌದಿ ಹೊಲಿಯುವ ಗಟ್ಟಿ ದಾರವನ್ನು ಅಡಿಗೆ ತೂರಿಸಿ, ಗರಗಸದ ಹಾಗೆ ಅತ್ತಿತ್ತ ಎಳೆಯುವುದು. ಉಳಿದ ಜಿಗುಟಿಗೆ ಕುಸುಬಿ ಎಣ್ಣೆ ಸವರಿ, ಹಳೆಯ ಧೋತರದ ತುಂಡಿನಿಂದ ಒರೆಸುವುದು. ಅವಸರ ಮಾಡಿದರೆ ಬಣ್ಣ ಹೋಗುತ್ತದೆ, ಆದ್ದರಿಂದ ಅವಸರವಿಲ್ಲ. ಹದ್ದೇನೋ ಕೆಳಗಿಳಿಯಿತು. ಆದರೆ ಬಾನೆಟ್ಟಿನ ಮೇಲೆ ಮರೆತ ರೊಟ್ಟಿಗೆ ಕಾಗೆಗಳು ಇಳಿದವು! ಅವುಗಳ ಉಗುರು ಬಣ್ಣಕ್ಕೆ ತಾಗೀತೆಂದು ಮಾವ ಕೋಲು ಹಿಡಿದು ಮಧ್ಯಾಹ್ನವೆಲ್ಲ ಕಾವಲು ಕುಳಿತರು.

ಆ ರೊಟ್ಟಿಗಳನ್ನು ಬಡಿದುಕೊಟ್ಟವರು ಯಾರು? ಅತ್ತೆಯೇ.

"ಅತ್ತಿ, ನೀವು ಹಟ ಬಿಡಂಗಿಲ್ಲ, ಮತ್ತ ರೊಟ್ಟೀನೂ ಕೊಡ್ತೀರಿ," ಎಂದೆ.

"ಗಾಡಿ ಹತ್ತಂಗಿಲ್ಲ ಅಂದೀನವ್ವ. ರೊಟ್ಟಿ ಬಡಿಯಂಗಿಲ್ಲ ಅಂದಿಲ್ಲ," ಎಂದರು ಅತ್ತೆ, ಹಿಟ್ಟು ನಾದುತ್ತ.

ಪಟ್ಟಿಗಳು ಹೋದವು. ಕೊನೆಗೆ ಉಳಿದದ್ದು ವಿಮಲಾ. ಆ ವ್ಯಾಪಾರಿ ತಾಯಿಯ ಹೆಸರೆಂದು ಗೋಂದನ್ನು ಧಾರಾಳವಾಗಿ ಸುರಿದಿದ್ದರೋ ಏನೋ, ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ದಾರ ಎಳೆದೆಳೆದು ಮಾವನ ಬೆರಳುಗಳು ಸೀಳಿದವು. ಬಟ್ಟೆ ಸುತ್ತಿಕೊಂಡು ಮತ್ತೆ ಎಳೆದರು. "ಸಾಕು ಬಿಡ್ರಿ ಮಾಮಾ" ಎಂದರೆ, "ಆಕಿನ್ನ ಬಾಜೂಕ ಕೂಡಿಸ್ಕೊಂಡs ಹೋಗಾಂವ" ಎಂದರು. ಒಂದು ದಿನ ಕೊನೆಯ ಅಕ್ಷರವೂ ಕೈಗೆ ಬಂತು. ಎಣ್ಣೆ ಸವರಿ, ಒರೆಸಿ, ಹಿಂದೆ ಸರಿದು ನೋಡಿದರು. ಒಂದೇ ಒಂದು ಗೀರಿಲ್ಲ!

ಆದರೆ ಹೆಸರು ಅಲ್ಲೇ ಇತ್ತು. ವರ್ಷಗಟ್ಟಲೆ ಬಿಸಿಲಿಗೆ ಕಾರೆಲ್ಲ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಕ್ಷರಗಳ ಅಡಿಯ ಬಣ್ಣ ಮಾತ್ರ ಹೊಸದರ ಹಾಗೆ ಗಾಢ ನೀಲಿ. ಪ್ಲಾಸ್ಟಿಕ್ ಹೋಯಿತು, ವಿಮಲಾ ಇನ್ನೂ ಚೆನ್ನಾಗಿ ಕಾಣತೊಡಗಿದಳು.

ಮಾವ ಒಳಗೆ ಹೋಗಿ ಬಡಗಿ ಬಿಟ್ಟುಹೋಗಿದ್ದ ಮರಳು ಕಾಗದ ತಂದರು. ಬಣ್ಣಕ್ಕೆ ಗೀರು ಬಿದ್ದರೆ ಉಪವಾಸ ಕೂಡುತ್ತೇನೆಂದ ಮನುಷ್ಯ, ಅದೇ ಬಣ್ಣವನ್ನು ತಾನೇ ಉಜ್ಜಿ ಹಾಕಲು ಡಿಕ್ಕಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಸರಸರನೆ ಬಂದು ಆ ಕಾಗದ ಕಸಿದುಕೊಂಡರು. ಮಾವನ ಬೆರಳುಗಳನ್ನು ತಿರುಗಿಸಿ ನೋಡಿದರು. "ಸೀರಿ ಬದಲಿಸ್ಕೊಂಡ ಬರ್ತೇನಿ," ಎಂದರು, "ಗಾಡಿ ಹೊರಗ ತಗೀರಿ."

ಮಾವನ ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ನಾನು. ಮಾದನಹಿಪ್ಪರಗಾದಲ್ಲಿ ಅತ್ತೆ ನಗುತ್ತಲೇ ಇಳಿದರು. ಅವರ ಅಣ್ಣ ಕಾರಿನ ಸುತ್ತ ತಿರುಗಿ ಬಂದು ಕೇಳಿದರು: "ಈ ವಿಮಲಾ ಯಾರವ್ವ ತಂಗಿ?"

ಮಾವ ಕಣ್ಣು ಮುಚ್ಚಿಕೊಂಡರು.

"ನಾನs ಅಣ್ಣಾ," ಎಂದರು ಅತ್ತೆ. "ಮಂದಿ ಸೊಸಿ ಬಂದಕೂಡ್ಲೆ ಹೆಸರ ಬದಲಿಸ್ತಾರ. ನಮ್ಮವರು ಈಗ ಬದಲಿಸ್ಯಾರ, ಜರಾ ತಡಾ ಆತು."

ನಮ್ಮ ಕಡೆ ಆಗ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಾವನೂ ಅಷ್ಟೇ, ಇಡೀ ಸಂಸಾರವನ್ನು "ಏ, ಕೇಳ್ತೇನು" ಎಂಬುದರಲ್ಲೇ ಮುಗಿಸಿದವರು. ಸಂಜೆ ತಿರುಗಿ ಬರುವಾಗ ಅತ್ತೆಯ ಕಿಟಕಿಯ ಗಾಜು ಇಳಿದಿತ್ತು, ಗಾಳಿ ಜೋರಾಗಿತ್ತು. ಮಾವ ರಸ್ತೆಯನ್ನೇ ನೋಡುತ್ತ, ನನಗೆ ಕೇಳಬಾರದೆಂಬಷ್ಟು ಸಣ್ಣ ದನಿಯಲ್ಲಿ, "ವಿಮಲಾ, ಕಾಜ ಏರಿಸ್ಲೇನು?" ಎಂದರು.

"ಇರ್ಲಿ ಬಿಡ್ರಿ, ಛಲೋ ಅನಸಾಕತ್ತದ," ಎಂದರು ಅತ್ತೆ. ನನಗೆ ಅಳು ಬಂತು.