ಸೆಕೆಯ ಸದ್ದು ತಗ್ಗಿಸಿದ ಮಂಡಳಿಗೆ

ಮೊದಲು ತಮಗೊಂದು ಥ್ಯಾಂಕ್ಸ್ ಹೇಳಿಬಿಡುತ್ತೇನೆ, ಪ್ರಸಾರ ನಿಯಂತ್ರಣ ಮಂಡಳಿಯ ಮಾನ್ಯ ಅಧ್ಯಕ್ಷರೇ, ಯಾಕೆಂದರೆ ನನ್ನ ಹಿಂದಿನ ದೂರಿಗೆ ತಾವು ಹದಿನೆಂಟೇ ದಿನದಲ್ಲಿ ಉತ್ತರ ಕಳಿಸಿದ್ದನ್ನು ನೋಡಿ ನಮ್ಮ ಚಾಟ್ ಗುಂಪಿನ ಇನ್ನೂರು ಜನರಿಂದ ಸಾಲು ಸಾಲಾಗಿ ನಗುವ ಮುಖಗಳು ಹೊರಟವು.

ದೂರು ಇಷ್ಟೇ ಇತ್ತು. ಭಾನುವಾರದ ಟೀವಿ ಚರ್ಚೆಯಲ್ಲಿ ಕೋಟು ಹಾಕಿದ ತಜ್ಞರೊಬ್ಬರು, ಭೂಮಿ ಬಿಸಿಯಾಗುತ್ತಿರುವುದು ಶುದ್ಧ ಕಟ್ಟುಕಥೆ, ಜನಕ್ಕೆ ಸೆಕೆಯಾಗುವುದೇ ಸೆಕೆಯ ಸುದ್ದಿ ಕೇಳಿ ಕೇಳಿ, ಎಂದು ಅಪ್ಪಣೆ ಕೊಡಿಸಿದರು. ಆಗ ಅವರ ಎದೆಯ ಮೇಲೆ ಓಡುತ್ತಿದ್ದ ಪಟ್ಟಿಯಲ್ಲಿ ಅದೇ ಚಾನೆಲ್ಲು ‘ಇಂದು ನಲವತ್ತಮೂರು ಡಿಗ್ರಿ’ ಎಂದು ಬರೆದಿತ್ತು. ತಮ್ಮ ವೆಬ್‌ಸೈಟಿನ ದೂರಿನ ಫಾರ್ಮಿನಲ್ಲಿ ಅಶ್ಲೀಲತೆ, ತಂಬಾಕು, ಅತಿಯಾದ ಜಾಹೀರಾತು, ಜೋರು ಧ್ವನಿ ಎಂಬ ನಾಲ್ಕೇ ಆಯ್ಕೆಗಳಿದ್ದು ಸುಳ್ಳಿಗೆ ಜಾಗವಿಲ್ಲದ ಕಾರಣ, ಇದ್ದುದರಲ್ಲಿ ಹತ್ತಿರದ್ದು ಅಂತ ‘ಜೋರು ಧ್ವನಿ’ ಒತ್ತಿದೆ. ತಾವು ತಜ್ಞರ ಧ್ವನಿಯನ್ನು ಅಳೆಸಿ, ತಗ್ಗಿಸಿ, ದೂರು ಇತ್ಯರ್ಥವಾಗಿದೆ ಎಂದು ಮುದ್ರೆ ಹಾಕಿ ಕಳಿಸಿದಿರಿ. ಮರುಪ್ರಸಾರದಲ್ಲಿ ಅದೇ ಸುಳ್ಳು ಎಷ್ಟು ಇಂಪಾಗಿದೆಯೆಂದರೆ, ಅಜ್ಜಿ ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದಳು.

ಅಮ್ಮ ಕೆಲಸ ಮಾಡುವ ಲಾಂಡ್ರಿಯ ಮಾಲೀಕರೂ ಆ ಚರ್ಚೆ ನೋಡಿದ್ದರು. ಅಲ್ಲಿ ಎಂಟು ಇಸ್ತ್ರಿ ಮೇಜು, ಒಂದು ಬಾಯ್ಲರು, ಒಂದೇ ಕಿಟಕಿ. ಬೇಸಿಗೆಯಲ್ಲಿ ಮಧ್ಯಾಹ್ನ ಒಂದರಿಂದ ಎರಡರವರೆಗೆ ಎಲ್ಲರೂ ಕೂತು ಸುಧಾರಿಸಿಕೊಳ್ಳುವುದು ಮೊದಲಿನಿಂದ ನಡೆದುಬಂದದ್ದು. ಮರುದಿನವೇ ಮಾಲೀಕರು ಅದನ್ನು ನಿಲ್ಲಿಸಿದರು.

“ಅಷ್ಟು ಓದಿದೋರೇ ಸೆಕೆ ಇಲ್ಲ ಅಂತಿದ್ದಾರೆ, ನಿಮಗೆಲ್ಲಿಂದ ಬಂತು ಅಕ್ಕಾ?” ಅಂದರಂತೆ.

“ಅವ್ರನ್ನೇ ಕರ್ಕೊಂಡ್ಬನ್ನಿ, ಆ ಕೋಟು ಸಮೇತ. ನಾಲ್ಕು ಬೆಡ್‌ಶೀಟ್ ಇಸ್ತ್ರಿ ಮಾಡ್ಲಿ, ಆಮೇಲೆ ಮಾತಾಡೋಣ,” ಅಂದಳಂತೆ ಅಮ್ಮ.

ಎಲ್ಲರೂ ನಕ್ಕರು, ಮಾಲೀಕರೂ ನಕ್ಕರು, ಆದರೆ ಯಾರೂ ಕೂರಲಿಲ್ಲ. ಮೊನ್ನೆ ಗುರುವಾರ ಒಂದೂವರೆಗೆ ಅಮ್ಮ ಮೇಜಿನ ಪಕ್ಕದಲ್ಲೇ ಕುಸಿದಳು. ಬಲಗೈ ಇಸ್ತ್ರಿಪೆಟ್ಟಿಗೆಗೆ ತಾಗಿ ಬೊಬ್ಬೆ ಎದ್ದಿದೆ.

ಮಧ್ಯಾಹ್ನ ಮೊದಲಿನಂತೆ ಕೂರಲು ಬಿಡಿ ಎಂದು ನಾನು ಹೋಗಿ ಕೇಳಿದೆ. “ನಾನೇನು ಕಟುಕನಾ ತಾಯಿ? ಅವರು ಹೇಳಿದ್ದು ಸುಳ್ಳು ಅಂತ ಮಂಡಳಿ ಕಾಗದ ತೋರಿಸು, ಅವತ್ತಿಂದಲೇ ಕೂರಲಿ,” ಅಂದರು ಮಾಲೀಕರು. ಹೆಮ್ಮೆಯಿಂದ ತಮ್ಮ ಉತ್ತರ ಬಿಡಿಸಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಇದ್ರಲ್ಲಿ ಬರೀ ವಾಲ್ಯೂಮ್ ವಿಷಯ ಇದೆಯಲ್ಲಮ್ಮಾ.”

ಆದ್ದರಿಂದ ಮಾನ್ಯರೇ, ತಮ್ಮ ಫಾರ್ಮಿನಲ್ಲಿ ‘ಸುಳ್ಳು’ ಎಂಬ ಐದನೆಯ ಆಯ್ಕೆ ಸೇರಿಸಲು ಕೃಪೆ ಮಾಡಬೇಕು. ಅದು ಕಷ್ಟವಾದರೆ, ಟೀವಿಯವರ ಚರ್ಚೆ ಒಂದು ತೀರ್ಮಾನಕ್ಕೆ ಬರುವವರೆಗೆ ಮೂವತ್ತು ಡಿಗ್ರಿ ದಾಟಕೂಡದೆಂದು ಪಾದರಸಕ್ಕೊಂದು ನೋಟಿಸ್ ಕೊಡಿ. ಅದೂ ಆಗದಿದ್ದರೆ, ಎರಡೂ ಪಕ್ಷಗಳಿಗೆ ಸಮಾನ ಅವಕಾಶ ಎಂಬ ತಮ್ಮ ಘನ ನಿಯಮದಂತೆ, ಸ್ಟುಡಿಯೋದಲ್ಲಿ ತಜ್ಞರ ಪಕ್ಕ ನಮ್ಮ ಬಾಯ್ಲರಿಗೊಂದು ಜಾಗ ಕೊಡಿಸಿ. ಅದು ಹೆಚ್ಚು ಮಾತಾಡುವುದಿಲ್ಲ, ಮುಚ್ಚಳ ತೆಗೆದರೆ ಸಾಕು.

ಇಷ್ಟಾದರೂ ತಮ್ಮ ಮೇಲೆ ಮುನಿಸಿಕೊಳ್ಳದ, ತಮ್ಮ ವಿಶ್ವಾಸಿ,
ಲಾಂಡ್ರಿ ಅಕ್ಕನ ಮಗಳು

ವಿ.ಸೂ.: ಸೋಮವಾರದಿಂದ ಅಮ್ಮ ಎಡಗೈಯಲ್ಲಿ ಇಸ್ತ್ರಿ ಮಾಡಲು ಹೋಗುತ್ತಾಳೆ. ಉದ್ದನೆಯ ಉತ್ತರ ಬರೆದು ತಾವು ಬೆವರುವುದು ಬೇಡ, ಎ.ಸಿ. ಇದ್ದರೂ ಆಯಾಸವಾದೀತು. ಮುದ್ರೆ ಹಾಕಿದ ಒಂದೇ ಪದ ಸಾಕು: ಆ ತಜ್ಞರು ಹೇಳಿದ್ದು ನಿಜವೋ, ಸುಳ್ಳೋ?